ಕಚೇರಿಯಲ್ಲೇ ಸಿಪಿಆರ್, ಪ್ರಥಮ ಚಿಕಿತ್ಸೆ ತರಬೇತಿ: ಏರ್ಪಡಿಸುವುದು ಹೇಗೆ, ಮೊದಲೇ ಕೇಳಬೇಕಾದ್ದೇನು?

ಶನಿವಾರ ಬೆಳಗ್ಗೆ 11ಕ್ಕೆ ಕಾನ್ಫರೆನ್ಸ್ ಹಾಲ್‌ನಲ್ಲಿ ಸಿಪಿಆರ್ ತರಬೇತಿ, ಎಲ್ಲರ ಹಾಜರಿ ಕಡ್ಡಾಯ. ಪುಣೆಯ ಹಿಂಜವಡಿ, ಚೆನ್ನೈನ ಒಎಂಆರ್, ಹೈದರಾಬಾದ್‌ನ ಗಚ್ಚಿಬೌಲಿಯಂಥ ಕಡೆ ಕೆಲಸ ಮಾಡುವವರಿಗೆ ಇಂಥ ಇಮೇಲ್ ಹೊಸದಲ್ಲ. ಹೋದರೆ ಅಲ್ಲಿ ಎಂಬತ್ತು ಕುರ್ಚಿ, ಒಂದು ಪ್ರೊಜೆಕ್ಟರ್, ಮೇಜಿನ ಮೇಲೆ ಒಂದೇ ಒಂದು ಬೊಂಬೆ. ಒಂದೂವರೆ ಗಂಟೆ ಸ್ಲೈಡ್‌ಗಳು ಓಡುತ್ತವೆ. ಕೊನೆಗೆ ಮುಂದಿನ ಸಾಲಿನ ನಾಲ್ಕೈದು ಮಂದಿ ಬೊಂಬೆಯ ಎದೆ ಒತ್ತುತ್ತಾರೆ, ಉಳಿದವರು ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಾರೆ. ಆಮೇಲೆ ಗ್ರೂಪ್ ಫೋಟೊ, ಸಮೋಸ, ಚಹಾ. ಸಂಜೆಯೊಳಗೆ ಎಂಬತ್ತೂ ಮಂದಿಗೆ ಪ್ರಮಾಣಪತ್ರದ ಪಿಡಿಎಫ್.

ಇವರಲ್ಲಿ ಎಪ್ಪತ್ತೈದು ಮಂದಿ ಒಮ್ಮೆಯೂ ಎದೆ ಒತ್ತಿ ನೋಡಿಲ್ಲ. ಮರುವಾರ ಪಕ್ಕದ ಸೀಟಿನವರು ಕುಸಿದು ಬಿದ್ದರೆ ಇವರಲ್ಲಿ ಎಷ್ಟು ಮಂದಿಯ ಕೈ ಮುಂದೆ ಬಂದೀತು? ಕಂಪನಿಯ ಕಡತದಲ್ಲಿ ಮಾತ್ರ ತರಬೇತಿ ಮುಗಿದಿದೆ.

ಸಿಬ್ಬಂದಿಗೆ ಕೆಲಸದ ಜಾಗದಲ್ಲೇ ತರಬೇತಿ ಕೊಡಿಸುವುದು ಒಳ್ಳೆಯ ಯೋಚನೆಯೇ. ಆದರೆ ಯಾರಿಂದ, ಯಾರಿಗೆ, ಎಷ್ಟು ಹೊತ್ತು, ಎಷ್ಟು ಬೊಂಬೆಗಳೊಂದಿಗೆ ಎಂಬುದನ್ನು ಕೇಳದೆ ದಿನಾಂಕ ಗೊತ್ತು ಮಾಡಿದರೆ ಹಣ, ಸಮಯ ಎರಡೂ ವ್ಯರ್ಥ. ಎಚ್‌ಆರ್ ವಿಭಾಗದವರು, ಸಣ್ಣ ಉದ್ಯಮಗಳ ಮಾಲೀಕರು, ಹೋಟೆಲ್ ನಡೆಸುವವರು ತಿಳಿದಿರಬೇಕಾದ ವಿವರ ಇಲ್ಲಿದೆ.

ಆಂಬುಲೆನ್ಸ್ ಬರುವ ಮುಂಚಿನ ನಿಮಿಷಗಳು

ಹೃದಯಾಘಾತ ಮತ್ತು ಹೃದಯ ಸ್ತಂಭನ ಒಂದೇ ಅಲ್ಲ. ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತ ಪೂರೈಸುವ ನಾಳ ಕಟ್ಟಿಕೊಂಡಿರುತ್ತದೆ. ವ್ಯಕ್ತಿಗೆ ಎದೆನೋವು, ಬೆವರು, ಉಸಿರಾಟದ ತೊಂದರೆ ಇದ್ದರೂ ಸಾಮಾನ್ಯವಾಗಿ ಎಚ್ಚರವಿರುತ್ತದೆ. ಅವರನ್ನು ಕೂರಿಸಿ, ಓಡಾಡಿಸದೆ, ಬೇಗ ಆಸ್ಪತ್ರೆಗೆ ಸಾಗಿಸಬೇಕು. ಹೃದಯ ಸ್ತಂಭನದಲ್ಲಿ ಹೃದಯ ರಕ್ತವನ್ನು ತಳ್ಳುವುದನ್ನೇ ನಿಲ್ಲಿಸಿರುತ್ತದೆ. ವ್ಯಕ್ತಿ ಕುಸಿದು ಬೀಳುತ್ತಾನೆ, ಕರೆದರೆ ಓಗೊಡುವುದಿಲ್ಲ, ಸಹಜವಾಗಿ ಉಸಿರಾಡುವುದಿಲ್ಲ. ಸಿಪಿಆರ್ ಬೇಕಾಗುವುದು ಈ ಎರಡನೆಯ ಸ್ಥಿತಿಯಲ್ಲಿ. ಮೊದಲನೆಯದು ಎರಡನೆಯದಕ್ಕೆ ತಿರುಗಬಹುದು ಎಂಬುದೂ ನೆನಪಿರಲಿ.

ರಕ್ತ ಹೋಗದೆ 4ರಿಂದ 6 ನಿಮಿಷವಾದರೆ ಮಿದುಳಿಗೆ ಹಾನಿ ಶುರುವಾಗುತ್ತದೆ. ಸಿಪಿಆರ್ ಮತ್ತು ವಿದ್ಯುತ್ ಆಘಾತ ಚಿಕಿತ್ಸೆ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ ಎಂಬುದು ವೈದ್ಯಲೋಕ ಬಹುಕಾಲದಿಂದ ಹೇಳುತ್ತ ಬಂದಿರುವ ಲೆಕ್ಕ. ಇನ್ನು ಟ್ರಾಫಿಕ್ ದಾಟಿ ಬಂದ ಆಂಬುಲೆನ್ಸ್ ಟೆಕ್ ಪಾರ್ಕ್‌ನ ಯಾವ ಗೇಟಿಗೆ ಬರಬೇಕು, ಯಾವ ಟವರ್, ಸ್ಟ್ರೆಚರ್ ಹಿಡಿಯುವ ಲಿಫ್ಟ್ ಎಲ್ಲಿದೆ ಎಂದು ವಿಚಾರಿಸುವಷ್ಟರಲ್ಲೇ ಇದರಲ್ಲಿ ಎಷ್ಟೋ ನಿಮಿಷ ಕರಗಿರುತ್ತದೆ.

ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಹೃದಯದ ಮಾತು ಮನೆಮನೆಗೆ ಬಂತು. ಮುಂದೆ ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲೇ ‘ಹೃದಯ ಜ್ಯೋತಿ’ ಯೋಜನೆ ತಂದು, ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿತು. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವುಗಳ ಸುದ್ದಿ ಮೇಲಿಂದ ಮೇಲೆ ಬಂದಾಗ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಆದರೆ ಯೋಜನೆಯಾಗಲಿ ತಪಾಸಣೆಯಾಗಲಿ ನೆರವಾಗುವುದು ಆಸ್ಪತ್ರೆ ತಲುಪಿದವರಿಗೆ. ಕುಸಿದ ಜಾಗದಿಂದ ಆಸ್ಪತ್ರೆಯ ಬಾಗಿಲವರೆಗಿನ ಹೊಣೆ ಪಕ್ಕದಲ್ಲಿದ್ದವರದ್ದೇ.

ಕಾನೂನು ಎಷ್ಟು ಕೇಳುತ್ತದೆ?

1948ರ ಕಾರ್ಖಾನೆ ಕಾಯ್ದೆಯ 45ನೇ ಸೆಕ್ಷನ್ ಈ ವಿಷಯದಲ್ಲಿ ಸ್ಪಷ್ಟವಾಗಿತ್ತು. ಪ್ರತಿ 150 ಕಾರ್ಮಿಕರಿಗೆ ಕನಿಷ್ಠ ಒಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಪ್ರತಿ ಪೆಟ್ಟಿಗೆಗೂ ರಾಜ್ಯ ಸರ್ಕಾರ ಮಾನ್ಯ ಮಾಡಿದ ಪ್ರಥಮ ಚಿಕಿತ್ಸಾ ಪ್ರಮಾಣಪತ್ರ ಪಡೆದ ಒಬ್ಬ ಹೊಣೆಗಾರ, ಕೆಲಸದ ಅವಧಿಯುದ್ದಕ್ಕೂ ಆತ ಸಿಗುವಂತಿರಬೇಕು. 500ಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಆಂಬುಲೆನ್ಸ್ ಕೊಠಡಿ. ಈ ಕಾಯ್ದೆ ಈಗ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯೊಳಗೆ ಸೇರಿಹೋಗಿದೆ. ಪ್ರಥಮ ಚಿಕಿತ್ಸಾ ಪೆಟ್ಟಿಗೆ ಮತ್ತು 500ರ ಮೇಲಿದ್ದರೆ ಆಂಬುಲೆನ್ಸ್ ಕೊಠಡಿ ಎಂಬ ಮಾತು ಅದರಲ್ಲೂ ಇದೆ.

ಕಾರ್ಖಾನೆಯಲ್ಲದ ಕಚೇರಿಗಳಿಗೆ ಆಯಾ ರಾಜ್ಯದ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ನೋಡಬೇಕು. ಮಹಾರಾಷ್ಟ್ರದ 2017ರ ಕಾಯ್ದೆ, ಉದಾಹರಣೆಗೆ, ಕೆಲಸದ ಜಾಗದಲ್ಲಿ ಪ್ರಥಮ ಚಿಕಿತ್ಸೆಯ ಸೌಲಭ್ಯ ಇರಬೇಕು ಎನ್ನುತ್ತದೆ. ಪೆಟ್ಟಿಗೆ ಇಟ್ಟರೆ ಕಾನೂನಿನ ಕಣ್ಣಿಗೆ ಬಹುಪಾಲು ಸಾಕು. ಪೆಟ್ಟಿಗೆಯಲ್ಲಿರುವ ಬ್ಯಾಂಡೇಜು ಹೃದಯ ಸ್ತಂಭನಕ್ಕೆ ಯಾವ ಉಪಯೋಗಕ್ಕೂ ಬಾರದು ಎಂಬುದು ಬೇರೆ ಮಾತು.

ಯಾರನ್ನು ಕರೆಸಬೇಕು?

ಹಳೆಯ, ನಂಬಿಕೆಯ ಹೆಸರುಗಳು ಎರಡು: ಸೇಂಟ್ ಜಾನ್ ಆಂಬುಲೆನ್ಸ್ ಮತ್ತು ಇಂಡಿಯನ್ ರೆಡ್ ಕ್ರಾಸ್ ಸೊಸೈಟಿ. ಇವುಗಳಿಗೆ ರಾಜ್ಯ ಮತ್ತು ಜಿಲ್ಲಾ ಶಾಖೆಗಳಿವೆ. ಪೆಟ್ಟು, ಸುಟ್ಟಗಾಯ, ಮೂಳೆಮುರಿತ, ರಕ್ತಸ್ರಾವ ಎಲ್ಲವೂ ಸೇರಿದ ಪೂರ್ಣ ಪ್ರಥಮ ಚಿಕಿತ್ಸೆ ಬೇಕಿದ್ದರೆ, ಅದರಲ್ಲೂ ಕಾರ್ಖಾನೆಗೆ ಪ್ರಮಾಣಪತ್ರ ಬೇಕಿದ್ದರೆ, ಮೊದಲು ಇಲ್ಲಿಯೇ ವಿಚಾರಿಸುವುದು ಒಳ್ಳೆಯದು. ಸೇಂಟ್ ಜಾನ್ ಪ್ರಮಾಣಪತ್ರದ ಅವಧಿ ಮೂರು ವರ್ಷ.

ಇನ್ನೊಂದು ದಾರಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಅಧಿಕೃತ ತರಬೇತಿ ಕೇಂದ್ರಗಳು. ಹಲವು ದೊಡ್ಡ ಆಸ್ಪತ್ರೆಗಳು ಇಂಥ ಕೇಂದ್ರ ನಡೆಸುತ್ತವೆ. ಇಲ್ಲಿ ಕಂಪನಿಗಳು ಮಾಡುವ ಸಾಮಾನ್ಯ ತಪ್ಪು, ‘ಬಿಎಲ್‌ಎಸ್ ಕೋರ್ಸ್ ಬೇಕು’ ಎಂದು ಕೇಳುವುದು. ಬಿಎಲ್‌ಎಸ್ ಇರುವುದು ವೈದ್ಯರು, ನರ್ಸ್‌ಗಳು ಮತ್ತು ಆರೋಗ್ಯ ಸಿಬ್ಬಂದಿಗೆ. ಸಾಮಾನ್ಯ ಉದ್ಯೋಗಿಗಳಿಗೆ ಅದೇ ಸಂಸ್ಥೆಯ ‘ಹಾರ್ಟ್‌ಸೇವರ್’ ಕೋರ್ಸ್ ಇದೆ. ಎರಡು ವರ್ಷದ ಮಾನ್ಯತೆಯ ಇದರ ಇ-ಕಾರ್ಡ್ ಅಸಲಿಯೇ ಎಂದು ಆನ್‌ಲೈನ್‌ನಲ್ಲೇ ಪರೀಕ್ಷಿಸಬಹುದು. ಬೊಂಬೆ ಮುಟ್ಟದೆ, ಬರೀ ಆನ್‌ಲೈನ್ ವಿಡಿಯೊ ನೋಡಿ ಸಿಗುವ ‘ಸಿಪಿಆರ್ ಪ್ರಮಾಣಪತ್ರ’ವನ್ನು ಒಪ್ಪಿಕೊಳ್ಳಬೇಡಿ.

ನಮ್ಮ ದೇಶಕ್ಕೆಂದೇ ರೂಪಿಸಿದ ಕ್ರಮವೂ ಒಂದಿದೆ. ಅರಿವಳಿಕೆ ತಜ್ಞರ ಸಂಘದ ಬೆಂಬಲದಿಂದ ಬೆಳೆದ ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್ 2017ರಲ್ಲಿ ಮಾರ್ಗಸೂಚಿ ಪ್ರಕಟಿಸಿತು. ಅದರಲ್ಲಿ ಜನಸಾಮಾನ್ಯರಿಗಾಗಿ ಇರುವುದು ‘ಕೋಲ್ಸ್’, ಅಂದರೆ ಬಾಯಿಂದ ಉಸಿರು ಕೊಡುವ ಗೋಜಿಲ್ಲದೆ ಎದೆ ಒತ್ತುವುದಷ್ಟೇ. ಅಪರಿಚಿತರ ಬಾಯಿಗೆ ಬಾಯಿ ಇಡಲು ಹಿಂಜರಿದು ಸಹಾಯವನ್ನೇ ಮಾಡದೆ ನಿಲ್ಲುವವರಿಗೆ ಇದು ದೊಡ್ಡ ಅನುಕೂಲ. ನೀರಲ್ಲಿ ಮುಳುಗಿದವರಿಗೆ, ಮಕ್ಕಳಿಗೆ ಮಾತ್ರ ಉಸಿರು ಕೊಡುವುದೂ ಮುಖ್ಯ; ಅದನ್ನು ತರಬೇತಿ ಪಡೆದವರು ಮಾಡಬೇಕು.

ಒಪ್ಪಂದಕ್ಕೆ ಮುಂಚಿನ ಪ್ರಶ್ನೆಗಳು

ಬೊಂಬೆ ಎಷ್ಟು ತರುತ್ತೀರಿ? ಮೊದಲು ಕೇಳಬೇಕಾದ್ದು ಇದನ್ನೇ. ಮೂರು-ನಾಲ್ಕು ಮಂದಿಗೆ ಒಂದು ಬೊಂಬೆ ಇದ್ದರೆ ಪ್ರತಿಯೊಬ್ಬರೂ ಪೂರ್ತಿ ಎರಡು ನಿಮಿಷ ನಿಲ್ಲಿಸದೆ ಒತ್ತಿ ನೋಡಬಹುದು. ಎರಡು ನಿಮಿಷ ಸಣ್ಣದೆನಿಸುತ್ತದೆ. ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಿ, ಎದೆ ಪೂರ್ತಿ ಮೇಲೇಳಲು ಬಿಟ್ಟು, ಮತ್ತೆ ಒತ್ತಬೇಕು. ಜಿಮ್‌ಗೆ ಹೋಗುವ ಹುಡುಗರೂ ಒಂದು ನಿಮಿಷಕ್ಕೆ ಏದುಸಿರು ಬಿಡುತ್ತಾರೆ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು ಎಂಬ ನಿಯಮ ಯಾಕಿದೆ ಎಂದು ಸ್ಲೈಡ್ ನೋಡಿದವರಿಗೆ ತಿಳಿಯದು, ಒತ್ತಿ ನೋಡಿದವರಿಗೆ ಹೇಳಿಕೊಡಬೇಕಿಲ್ಲ. ಆಳ ಸರಿಯಿದ್ದರೆ ‘ಕ್ಲಿಕ್’ ಎನ್ನುವ ಅಥವಾ ದೀಪ ಹೊತ್ತುವ ಬೊಂಬೆಗಳಿವೆ, ಅವೇ ಬೇಕೆಂದು ಕೇಳಿ.

ಅಂದ ಹಾಗೆ, ಈ ಬೊಂಬೆಗೊಂದು ಕಥೆಯಿದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ತಜ್ಞರು 1960ರಲ್ಲಿ, ಎದೆ ತೆರೆಯದೆ ಹೊರಗಿನಿಂದಲೇ ಒತ್ತಿ ರಕ್ತ ಹರಿಸಬಹುದು ಎಂದು ಪ್ರಕಟಿಸಿದರು. ಅದೇ ಹೊತ್ತಿಗೆ ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್ ಅಭ್ಯಾಸಕ್ಕಾಗಿ ‘ಆ್ಯನ್’ ಎಂಬ ಬೊಂಬೆ ಮಾಡಿದರು. ಅದಕ್ಕೆ ಕೊಟ್ಟ ಮುಖ, ಪ್ಯಾರಿಸ್‌ನ ಸೀನ್ ನದಿಯಲ್ಲಿ ಶವವಾಗಿ ಸಿಕ್ಕಳೆಂದು ಹೇಳಲಾಗುವ ಅನಾಮಿಕ ಯುವತಿಯದ್ದು.

ಎರಡನೆಯ ಪ್ರಶ್ನೆ ಭಾಷೆ. ಮುಂಬೈ, ಪುಣೆಯ ಉಡುಪಿ ಹೋಟೆಲ್‌ಗಳ ಅಡುಗೆಮನೆಯನ್ನೇ ನೋಡಿ. ಗಲ್ಲಾದಲ್ಲಿ ಕನ್ನಡ, ತುಳು. ಒಲೆಯ ಮುಂದೆ ಹಿಂದಿ, ಬಂಗಾಳಿ, ಒಡಿಯಾ. ಇಲ್ಲಿ ಇಂಗ್ಲಿಷ್ ಸ್ಲೈಡ್ ಹಾಕಿದರೆ ಯಾರಿಗೆ ಏನು ತಲುಪೀತು? ಕುದಿಯುವ ಸಾಂಬಾರು, ಎಣ್ಣೆ ಬಾಣಲೆ, ಗ್ರೈಂಡರ್, ಗ್ಯಾಸ್ ಪೈಪು ಇರುವ ಜಾಗದಲ್ಲಿ ತರಬೇತಿ ಹಿಂದಿಯಲ್ಲಿ, ಅಡುಗೆಮನೆಯಲ್ಲೇ, ಮಧ್ಯಾಹ್ನ 3ರಿಂದ 5ರ ಬಿಡುವಿನಲ್ಲಿ ನಡೆಯಬೇಕು. ಸುಟ್ಟಗಾಯ, ಕತ್ತರಿಸಿದ ಬೆರಳು, ವಿದ್ಯುತ್ ಆಘಾತ ಮತ್ತು ಗಂಟಲಲ್ಲಿ ಆಹಾರ ಸಿಕ್ಕಿಕೊಂಡ ಗಿರಾಕಿ, ಈ ನಾಲ್ಕಕ್ಕೇ ಹೆಚ್ಚು ಸಮಯ ಕೊಡಿ ಎಂದು ತರಬೇತುದಾರರಿಗೆ ಮೊದಲೇ ಹೇಳಿದರೆ ಅವರು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ.

ಶುಲ್ಕ ಕೇಳುವಾಗ ಬೊಂಬೆ, ಮುಖಕ್ಕೆ ಹಾಕುವ ರಕ್ಷಾಪೊರೆ, ಪ್ರಮಾಣಪತ್ರ, ಪ್ರಯಾಣ ವೆಚ್ಚ ಎಲ್ಲವೂ ಸೇರಿದೆಯೇ ಎಂದು ಬರೆಸಿಕೊಳ್ಳಿ.

ಪಟ್ಟಿಯಲ್ಲಿ ಯಾರಿರಬೇಕು?

ಇಲ್ಲಿಯೇ ಕಂಪನಿಗಳು ಎಡವುವುದು. ತರಬೇತಿಯ ಪಟ್ಟಿ ಎಚ್‌ಆರ್ ಸಾಫ್ಟ್‌ವೇರ್‌ನಿಂದ ಬರುತ್ತದೆ. ಅದರಲ್ಲಿ ಕಂಪನಿಯ ನೌಕರರ ಹೆಸರು ಮಾತ್ರ ಇರುತ್ತದೆ. ಸೆಕ್ಯುರಿಟಿ ಗಾರ್ಡ್, ಹೌಸ್‌ಕೀಪಿಂಗ್ ಮಹಿಳೆ, ಕ್ಯಾಂಟೀನ್ ಹುಡುಗ, ಕ್ಯಾಬ್ ಚಾಲಕ, ಎಲೆಕ್ಟ್ರಿಷಿಯನ್ ಇವರೆಲ್ಲ ಗುತ್ತಿಗೆದಾರರ ಲೆಕ್ಕದವರು, ಹಾಗಾಗಿ ಪಟ್ಟಿಯಲ್ಲಿಲ್ಲ. ರಾತ್ರಿ 2 ಗಂಟೆಗೆ ಶೌಚಾಲಯದ ಹೊರಗೆ ಯಾರಾದರೂ ಬಿದ್ದರೆ ಮೊದಲು ನೋಡುವುದು ಇದೇ ಗಾರ್ಡ್. ಲಿಫ್ಟ್ ಹಿಡಿದು ನಿಲ್ಲಿಸುವುದು, ಆಂಬುಲೆನ್ಸ್‌ಗೆ ಗೇಟು ತೆರೆಯುವುದೂ ಅವರೇ. ದೆಹಲಿ ವಿಮಾನ ನಿಲ್ದಾಣದಲ್ಲಿ ಕುಸಿದ ಪ್ರಯಾಣಿಕರಿಗೆ ಸಿಐಎಸ್‌ಎಫ್ ಸಿಬ್ಬಂದಿ ಸಿಪಿಆರ್ ಕೊಟ್ಟ ವಿಡಿಯೊಗಳನ್ನು ಎಷ್ಟೋ ಮಂದಿ ನೋಡಿದ್ದಾರೆ; ಅವರು ವೈದ್ಯರಲ್ಲ, ಕಾವಲಿಗಿದ್ದವರು. ಹೊಸ ಸಂಹಿತೆಯ ಪ್ರಕಾರವೂ ಗುತ್ತಿಗೆ ಕಾರ್ಮಿಕರಿಗೆ ಪ್ರಥಮ ಚಿಕಿತ್ಸೆಯಂಥ ಕಲ್ಯಾಣ ಸೌಲಭ್ಯ ಒದಗಿಸುವ ಹೊಣೆ ಮುಖ್ಯ ಉದ್ಯೋಗದಾತರದ್ದು. ತರಬೇತಿಯ ಎರಡು ಗಂಟೆಗೆ ಗುತ್ತಿಗೆದಾರ ಅವರ ಸಂಬಳ ಕಡಿಯದಂತೆ ನೋಡಿಕೊಂಡರೆ ಸಾಕು, ಅವರು ಬಂದೇ ಬರುತ್ತಾರೆ.

ಎಲ್ಲರಿಗೂ ಒಂದೇ ತರಬೇತಿ ಬೇಕಿಲ್ಲ. ಎಲ್ಲರಿಗೂ ಎರಡು ಗಂಟೆಯ ಎದೆ ಒತ್ತುವ ಅಭ್ಯಾಸ ಮತ್ತು ಎಇಡಿ ಬಳಕೆ. ಪ್ರತಿ ಮಹಡಿಯ ಪ್ರತಿ ಶಿಫ್ಟ್‌ನಲ್ಲಿ ಕನಿಷ್ಠ ಇಬ್ಬರಿಗೆ ಪೂರ್ಣ ಪ್ರಥಮ ಚಿಕಿತ್ಸೆ. ಒಬ್ಬರೇ ಇದ್ದರೆ ಅವರು ರಜೆ ಹಾಕಿದ ದಿನ ಏನು ಗತಿ?

ಮಂಡಿನೋವಿನವರು, ಗರ್ಭಿಣಿಯರು ನೆಲದಲ್ಲಿ ಕೂತು ಒತ್ತಲಾರರು. ಅವರನ್ನು ಹೊರಗಿಡಬೇಡಿ. ಫೋನ್ ಮಾಡುವುದು, ಎಣಿಕೆ ಹೇಳುವುದು, ಎಇಡಿ ಹಚ್ಚುವುದು ಅವರ ಪಾಲಿಗೆ ಇರಲಿ. ಇನ್ನೊಂದು ಅಳುಕನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಕುಸಿದವರು ಮಹಿಳೆಯಾದರೆ ಎದೆಯ ಮೇಲೆ ಕೈ ಇಡುವುದು ಹೇಗೆ? ಕೈ ಇಡಬೇಕಾದ್ದು ಎದೆಗೂಡಿನ ನಡುವಿನ ಮೂಳೆಯ ಕೆಳ ಅರ್ಧದ ಮೇಲೆ, ಗಂಡಾಗಲಿ ಹೆಣ್ಣಾಗಲಿ ಅದೇ ಜಾಗ. ಈ ಮಾತನ್ನು ತರಬೇತುದಾರರು ಎಲ್ಲರ ಮುಂದೆ ನೇರವಾಗಿ ಆಡಬೇಕು.

ಕಲಿಯುವುದಕ್ಕಿಂತ ಮರೆಯಬೇಕಾದ್ದೇ ಹೆಚ್ಚು

ಕುಸಿದವರ ಮುಖಕ್ಕೆ ನೀರು ಚಿಮುಕಿಸುವುದು, ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕುವುದು, ಫಿಟ್ಸ್ ಬಂದವರ ಕೈಗೆ ಕೀಲಿಗೊಂಚಲು ಕೊಡುವುದು, ಈರುಳ್ಳಿ ಮೂಸಿಸುವುದು, ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್ ಬಳಿಯುವುದು ನಮ್ಮಲ್ಲಿ ರೂಢಿ. ಪ್ರಜ್ಞೆಯಿಲ್ಲದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಸುಟ್ಟಗಾಯವನ್ನು ನಲ್ಲಿಯ ಹರಿಯುವ ನೀರಿನಡಿ 20 ನಿಮಿಷ ಹಿಡಿಯಬೇಕು, ಐಸ್ ಬೇಡ. ಶಾಕ್ ಹೊಡೆದವರನ್ನು ಮುಟ್ಟುವ ಮುಂಚೆ ಮೇನ್ ಸ್ವಿಚ್ ಆರಿಸಬೇಕು. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡು ಕೆಮ್ಮಲೂ ಆಗದಿದ್ದರೆ ಬೆನ್ನಿಗೆ ಐದು ಗುದ್ದು, ಹೊಟ್ಟೆಗೆ ಐದು ಒತ್ತು, ವಸ್ತು ಹೊರಬರುವವರೆಗೂ ಇದೇ ಸರದಿ.

ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ‘ಹೃದಯಾಘಾತವಾದರೆ ಜೋರಾಗಿ ಕೆಮ್ಮಿ’ ಎಂಬ ಸಂದೇಶವನ್ನು ನಂಬಬೇಡಿ. ಪಾರ್ಶ್ವವಾಯು ಬಂದರೆ ಬೆರಳ ತುದಿಗೆ ಸೂಜಿ ಚುಚ್ಚಿ ಎಂಬುದೂ ಅದೇ ಜಾತಿಯದ್ದು.

ಜೀವಕ್ಕೆ ಎರವಾಗುವ ತಪ್ಪು ಇನ್ನೊಂದಿದೆ. ಹೃದಯ ನಿಂತ ಮೊದಲ ಕೆಲವು ನಿಮಿಷ ವ್ಯಕ್ತಿ ಬಾಯಿ ತೆರೆದು, ಗೊರಕೆಯಂತೆ, ಆಗೊಮ್ಮೆ ಈಗೊಮ್ಮೆ ಗಾಳಿ ಎಳೆಯಬಹುದು. ‘ಉಸಿರಾಡುತ್ತಿದ್ದಾರೆ ಬಿಡಿ’ ಎಂದು ಸುತ್ತ ನಿಂತವರು ಕಾಯುತ್ತಾರೆ. ಅದು ಉಸಿರಾಟವಲ್ಲ. ಭುಜ ತಟ್ಟಿ ಕರೆದರೂ ಓಗೊಡದಿದ್ದರೆ, ಉಸಿರು ಸಹಜವಾಗಿಲ್ಲದಿದ್ದರೆ, ಆ ಕ್ಷಣದಿಂದಲೇ ಒತ್ತಲು ಶುರು ಮಾಡಬೇಕು. ಪಕ್ಕೆಲುಬು ಮುರಿದೀತೆಂಬ ಭಯ ಸಹಜ, ಕೆಲವೊಮ್ಮೆ ಮುರಿಯುವುದೂ ಉಂಟು. ಮುರಿದ ಮೂಳೆ ಕೂಡಿಕೊಳ್ಳುತ್ತದೆ.

ಬೀಗ ಹಾಕಿದ ಎಇಡಿ

ಎಇಡಿ ಎಂಬುದು ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಲಯಕ್ಕೆ ತರುವ ಪುಟ್ಟ ಪೆಟ್ಟಿಗೆ. ಎದೆಗೆ ಎರಡು ಪ್ಯಾಡ್ ಅಂಟಿಸಿದರೆ ಅದೇ ಹೃದಯದ ಲಯ ನೋಡಿ, ಆಘಾತ ಬೇಕೋ ಬೇಡವೋ ನಿರ್ಧರಿಸಿ, ಮುಂದೇನು ಮಾಡಬೇಕೆಂದು ಬಾಯಲ್ಲೇ ಹೇಳುತ್ತದೆ. ಬೆಲೆ ಒಂದು ಲಕ್ಷ ರೂಪಾಯಿಯ ಆಸುಪಾಸು, ಬ್ರ್ಯಾಂಡ್ ನೋಡಿ ಹೆಚ್ಚುಕಡಿಮೆ. ಇಷ್ಟು ದುಬಾರಿ ವಸ್ತು ಎಂಬ ಕಾರಣಕ್ಕೇ ಅದನ್ನು ಅಡ್ಮಿನ್ ಕೊಠಡಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದರೆ, ಕೀಲಿ ಇರುವವರು 6 ಗಂಟೆಗೆ ಮನೆಗೆ ಹೋದ ಮೇಲೆ ಅದಿದ್ದೂ ಇಲ್ಲದಂತೆ. ಲಿಫ್ಟ್ ಬಳಿ, ಬೀಗವಿಲ್ಲದೆ, ಎಲ್ಲರ ಕಣ್ಣಿಗೆ ಬೀಳುವಂತೆ ಇರಬೇಕು. ಪ್ಯಾಡ್ ಮತ್ತು ಬ್ಯಾಟರಿಯ ಮೇಲೆ ಮುಗಿಯುವ ದಿನಾಂಕ ಮುದ್ರಿತವಾಗಿರುತ್ತದೆ. ಅದನ್ನು ಯಾರು ನೋಡಬೇಕು ಎಂದು ಒಬ್ಬರ ಹೆಸರು ಬರೆದಿಡಿ.

ಅಣಕು ಅಭ್ಯಾಸ

ತರಬೇತಿಯಾದ ಎರಡು ವಾರದೊಳಗೆ ಹದಿನೈದು ನಿಮಿಷದ ಅಣಕು ಅಭ್ಯಾಸ ಮಾಡಿ ನೋಡಬೇಕು. ಬೊಂಬೆಯನ್ನು ಕ್ಯಾಂಟೀನ್ ಮೂಲೆಯಲ್ಲೋ ಪಾರ್ಕಿಂಗ್‌ನಲ್ಲೋ ಮಲಗಿಸಿ, ಗಡಿಯಾರ ಹಿಡಿದು ನಿಲ್ಲಿ. ಮೊದಲ ಒತ್ತು ಬೀಳಲು ಎಷ್ಟು ಹೊತ್ತಾಯಿತು, ಎಇಡಿ ಬರಲು ಎಷ್ಟು, 112ಕ್ಕೆ ಅಥವಾ 108ಕ್ಕೆ ಯಾರು ಕರೆ ಮಾಡಿದರು, ವಿಳಾಸವನ್ನು ಸರಿಯಾಗಿ ಹೇಳಿದರೇ? ದೆಹಲಿಯಲ್ಲಿ ಸರ್ಕಾರಿ ಆಂಬುಲೆನ್ಸ್‌ನ ಸಂಖ್ಯೆ 102. ಕರ್ನಾಟಕದಿಂದ ಬಂದು ವರ್ಷಗಳಾದರೂ ಎಷ್ಟೋ ಮಂದಿಗೆ ತಾವು ಕೆಲಸ ಮಾಡುವ ಕಟ್ಟಡದ ಪೂರ್ತಿ ವಿಳಾಸವನ್ನು ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಹೇಳಲು ಬರುವುದಿಲ್ಲ. ಗೇಟ್ ಸಂಖ್ಯೆ, ಟವರ್, ಹತ್ತಿರದ ಗುರುತು ಸಹಿತ ವಿಳಾಸವನ್ನು ಸ್ಥಳೀಯ ಭಾಷೆಯಲ್ಲಿ ಬರೆದು ಪ್ರತಿ ಮಹಡಿಯಲ್ಲಿ ಅಂಟಿಸುವುದಕ್ಕೆ ಖರ್ಚು ಒಂದು ಹಾಳೆ.

ಪ್ರಮಾಣಪತ್ರ ಎರಡು-ಮೂರು ವರ್ಷ ಬಾಳುತ್ತದೆ, ಕೈಯ ಕಸುಬು ಅಷ್ಟು ದಿನ ಬಾಳದು. ಕೆಲವೇ ತಿಂಗಳಲ್ಲಿ ಆಳ, ವೇಗ ಎರಡೂ ತಪ್ಪತೊಡಗುತ್ತವೆ. ಮೂರು ಅಥವಾ ಆರು ತಿಂಗಳಿಗೊಮ್ಮೆ ಹತ್ತು ನಿಮಿಷ ಬೊಂಬೆ ಒತ್ತಿಸಿದರೆ ಸಾಕು. ಒಂದೇ ಕಟ್ಟಡದ ನಾಲ್ಕೈದು ಸಣ್ಣ ಕಚೇರಿಗಳು, ಒಂದೇ ಬೀದಿಯ ಹೋಟೆಲ್‌ಗಳು ಸೇರಿ ಒಂದು ಬೊಂಬೆ ಕೊಂಡುಕೊಳ್ಳಬಹುದು. ಊರಿನ ಕನ್ನಡ ಸಂಘದ ಸಭಾಂಗಣ ಭಾನುವಾರ ಬೆಳಗ್ಗೆ ಖಾಲಿಯಿದ್ದರೆ ಜಾಗದ ಚಿಂತೆಯೂ ಇಲ್ಲ.

ಕೇಸು ಬಿದ್ದರೆ?

ಸಹಾಯ ಮಾಡಲು ಹೋಗಿ ಪೊಲೀಸ್ ಠಾಣೆ ಅಲೆಯಬೇಕಾದೀತೆಂಬ ಭಯ ಇನ್ನೂ ಇದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ನೆರವಾದವರಿಗೆ ಸುಪ್ರೀಂ ಕೋರ್ಟ್ 2016ರಲ್ಲಿ ರಕ್ಷಣೆ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಆಗಿ ಸೇರಿತು. ಆದರೆ ಅದು ರಸ್ತೆ ಅಪಘಾತಕ್ಕೆ ಸಂಬಂಧಿಸಿದ್ದು. ಕಚೇರಿಯೊಳಗಿನ ಘಟನೆಗೆ ನೋಡಬೇಕಾದ್ದು ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್: ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದ ವ್ಯಕ್ತಿಯ ಒಳಿತಿಗಾಗಿ ಸದುದ್ದೇಶದಿಂದ ಮಾಡಿದ ಕೆಲಸ, ಅದರಿಂದ ಹಾನಿಯಾದರೂ, ಅಪರಾಧವಲ್ಲ ಎಂಬುದು ಅದರ ತಿರುಳು. ನೆರವಿಗೆ ಹೋದ ಸಿಬ್ಬಂದಿಯ ಬೆನ್ನಿಗೆ ಕಂಪನಿ ನಿಲ್ಲುತ್ತದೆ ಎಂದು ಲಿಖಿತವಾಗಿ ಹೇಳಿದರೆ ಹಿಂಜರಿಕೆ ಇನ್ನಷ್ಟು ಕಡಿಮೆಯಾಗುತ್ತದೆ.

ತರಬೇತಿಯಲ್ಲಿ ಹೇಳದೆ ಬಿಡುವ ಒಂದು ವಿಷಯವೂ ಉಂಟು. ಎಲ್ಲವನ್ನೂ ಸರಿಯಾಗಿಯೇ ಮಾಡಿದರೂ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಹೆಚ್ಚಿನವರು ಬದುಕುವುದಿಲ್ಲ. ನಿನ್ನೆಯವರೆಗೆ ಜೊತೆಯಲ್ಲಿ ಚಹಾ ಕುಡಿಯುತ್ತಿದ್ದವರ ಎದೆಯನ್ನು ಇಪ್ಪತ್ತು ನಿಮಿಷ ಒತ್ತಿ, ಕೊನೆಗೆ ಅವರು ಹೋದರೆಂದು ಕೇಳಿದ ಸಿಬ್ಬಂದಿ ಮರುದಿನ 9 ಗಂಟೆಗೆ ಅದೇ ಸೀಟಿನಲ್ಲಿ ಬಂದು ಕೂರಬೇಕೇ? ಅವರಿಗೆ ರಜೆ ಯಾರು ಕೊಡುತ್ತಾರೆ, ಆ ರಾತ್ರಿ ಮನೆಗೆ ಬಿಡಲು ಯಾರು ಹೋಗುತ್ತಾರೆ, ಆಪ್ತಸಮಾಲೋಚಕರ ಫೋನ್ ಸಂಖ್ಯೆ ಯಾರ ಬಳಿ ಇದೆ ಎಂಬುದನ್ನೂ ತರಬೇತಿಯ ದಿನವೇ ಗೊತ್ತು ಮಾಡಿಕೊಂಡಿರಬೇಕು.